ಮೂರನೆಯವನ ಗೈರುಹಾಜರಿ

ಮನೆಯಲ್ಲಿ ವಯಸ್ಸಾದ ಮೋಟಾರು ಒಂದಿದ್ದರೆ ಅದರ ಯೋಗಕ್ಷೇಮ ವಿಚಾರಿಸುವವರಿಗೆ ಎಂದೂ ಕೊರತೆಯಿಲ್ಲ. ಮನುಷ್ಯನಿಗೆ ಜ್ವರ ಬಂದರೆ ನೋಡಲು ಬರುವವರು ನಾಲ್ಕೇ ಜನ; ಮೋಟಾರಿಗೆ ಕೆಮ್ಮು ಹತ್ತಿದರೆ ಬೀದಿಗೆ ಬೀದಿಯೇ ಬರುತ್ತದೆ, ಬಂದವರೆಲ್ಲರೂ ವೈದ್ಯರೇ ಆಗಿರುತ್ತಾರೆ. ಕಳೆದ ಮಳೆಗಾಲದಲ್ಲಿ ಮಕ್ತಲ್‌ನ ನಮ್ಮ ಮನೆಯ ಮುಂದೆ ಎರಡು ವಾರಗಳ ಕಾಲ ಇಂಥದೊಂದು ವೈದ್ಯಸಭೆ ನೆರೆದಿದ್ದಿತು. ಅದರ ವೃತ್ತಾಂತವನ್ನು ಬರೆದುಕೊಡೆಂದು ಸಂಘದ ಗೆಳೆಯರು ಕೇಳಿದಾಗ ಮೊದಲು ಹಿಂಜರಿದೆನು. ಏಕೆಂದರೆ ಅದರಲ್ಲಿ ಇಂಜಿನ್ನಿನ ದೋಷಕ್ಕಿಂತ ನನ್ನ ದೋಷವೇ ಹೆಚ್ಚಿನ ಪಾಲು. ಆದರೂ ಬರೆಯುತ್ತಿದ್ದೇನೆ, ಬೀದಿಗೆಲ್ಲ ಗೊತ್ತಿರುವುದನ್ನು ಓದುಗರಿಂದ ಮುಚ್ಚಿಡುವುದರಲ್ಲಿ ಏನು ಸ್ವಾರಸ್ಯ?

ನಮ್ಮದು 1988ನೆಯ ಇಸವಿಯ ಪೆಟ್ರೋಲ್ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಜಾತಿಯ ವಂಶ 2014ರ ಮೇ ತಿಂಗಳಿಗೆ ನಿಂತುಹೋಯಿತು. ನನಗೂ ಅದಕ್ಕೂ ಒಂದೇ ವಯಸ್ಸು. ಹೊಗೆ ಉಗುಳುವುದೊಂದನ್ನು ಬಿಟ್ಟರೆ ಉಳಿದ ದುರಭ್ಯಾಸಗಳೂ ಹೆಚ್ಚು ಕಡಿಮೆ ಒಂದೇ. ತಂದೆಯವರು ನಾರಾಯಣಪೇಟೆಯ ಸೀರೆ ವ್ಯಾಪಾರಿಗಳೊಬ್ಬರ ಮನೆಯಲ್ಲಿ ಚಾಲಕರಾಗಿದ್ದರು. ನಾರಾಯಣಪೇಟೆಯ ಚೌಕಡಿ ಸೀರೆಗಳ ಗಂಟನ್ನು ರಾಯಚೂರಿಗೆ ಒಯ್ಯುವುದು, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿದ ಗದ್ವಾಲದ ಸೀರೆಗಳನ್ನು ಅಲ್ಲಿಂದ ತರುವುದು, ನಡುವೆ ವ್ಯಾಪಾರಿಗಳ ಬಂಧುಬಳಗವನ್ನು ಮದುವೆ ಮುಂಜಿಗಳಿಗೆ ಮುಟ್ಟಿಸುವುದು, ಇದು ಅವರ ಜೀವನ. 2004ರಲ್ಲಿ ಆ ಮನೆಗೆ ಹೊಸ ಗಾಡಿ ಬಂದಿತು. ಹಳೆಯದನ್ನು, ಬಾಕಿ ಉಳಿದಿದ್ದ ಸಂಬಳದ ಲೆಕ್ಕಕ್ಕೆ, ತಂದೆಯವರಿಗೇ ಕೊಟ್ಟರು. ಮುಂದೆ ನನ್ನ ಶಿಕ್ಷಕ ತರಬೇತಿಯ ಖರ್ಚೂ ತಂಗಿಯ ಮದುವೆಯೂ ಆ ಗಾಡಿಯ ದುಡಿಮೆಯಿಂದಲೇ ಸಾಗಿದವು. ಈಗ ಅದು ಬಾಡಿಗೆಗೆ ಹೋಗುವುದಿಲ್ಲ. ತಂದೆಯವರೂ ನಡೆಸುವುದಿಲ್ಲ, ಇಷ್ಟು ವರ್ಷ ಇಂಜಿನ್ನಿನ ಸದ್ದನ್ನು ಕೇಳಿ ಕೇಳಿ ಅವರ ಎರಡು ಕಿವಿಗಳೂ ಮಂದವಾಗಿವೆ. ಅವರೊಡನೆ ಮಾತನಾಡಬೇಕಾದರೆ ಬೀದಿಗೆ ಕೇಳುವಂತೆ ಕೂಗಬೇಕು. ಆದರೆ ದಿನವೂ ಬೆಳಗ್ಗೆ ಬಾನೆಟ್ಟು ತೆರೆದು, ಒಂದು ಹಳೆಯ ಪಂಚೆಯ ತುಂಡಿನಿಂದ ಒಳಗೆಲ್ಲ ಒರೆಸಿ, ಮತ್ತೆ ಮುಚ್ಚುವುದನ್ನು ಅವರು ಬಿಟ್ಟಿಲ್ಲ.

ಶ್ರಾವಣ ಹಿಡಿದಿದ್ದಿತು. ಗದ್ವಾಲದಲ್ಲಿರುವ ತಂಗಿಯ ಮಗನ ನಾಮಕರಣ ಮುಗಿಸಿಕೊಂಡು ಜೂರಾಲ ಅಣೆಕಟ್ಟಿನ ಮೇಲಿನ ರಸ್ತೆಯಿಂದ ಮರಳುತ್ತಿದ್ದೆವು. ಮೇಲಿನಿಂದ ಪ್ರವಾಹ ಬಂದು ಗೇಟುಗಳನ್ನು ತೆರೆದಿದ್ದರು. ಕೆಳಗೆ ಕೃಷ್ಣೆ ಬೆಳ್ಳಗೆ ಕುದಿಯುತ್ತಿದ್ದಳು. ತುಂತುರು ರಸ್ತೆಯ ಮೇಲೂ ಗಾಡಿಯ ಮೇಲೂ ಮಳೆಯಂತೆ ಬೀಳುತ್ತಿದ್ದಿತು. ಅಣೆಕಟ್ಟು ದಾಟಿ ಆತ್ಮಕೂರಿನ ಕಡೆಗೆ ಏರುವಾಗ ಗಾಡಿ ಮೊದಲ ಸಲ ಎಡವಿತು. ಒಂದು ಸಣ್ಣ ಝಟಕಾ, ಮತ್ತೆ ಸರಿ, ಮತ್ತೊಂದು ಝಟಕಾ. ಹಿಂದಿನ ಆಸನದಲ್ಲಿದ್ದ ತಂದೆಯವರು ಮುಂದಿನ ಆಸನದ ಬೆನ್ನಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ನನ್ನ ಭುಜ ತಟ್ಟಿ ಮೂರು ಬೆರಳು ತೋರಿಸಿದರು. ಮೂರು ಸಿಲಿಂಡರುಗಳು ಮಾತ್ರ ಕೆಲಸ ಮಾಡುತ್ತಿವೆಯೆಂದೋ, ಮೂರನೆಯದು ಸತ್ತಿದೆಯೆಂದೋ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಈ ರೋಗಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ತೆಲುಗಿನವನೂ ಅದನ್ನೇ ಅನ್ನುತ್ತಾನೆ, ಉರ್ದುವಿನವನೂ ಅದನ್ನೇ, ಕನ್ನಡಿಗನೂ ಅದನ್ನೇ. ಮೂರು ಭಾಷೆಗಳು ಜಗಳವಿಲ್ಲದೆ ಒಪ್ಪಿಕೊಂಡ ಕೆಲವೇ ಶಬ್ದಗಳಲ್ಲಿ ಇದೊಂದು. ಆದರೆ ಅದಕ್ಕೆ ಕಾರಣವೇನೆಂಬಲ್ಲಿ ಒಪ್ಪಿಗೆಯಿಲ್ಲ. ಎದುರುಮನೆಯ ನೇಕಾರರು, “ಮಾಸ್ತರ, ಪೆಟ್ರೋಲಿನಾಗ ಕಬ್ಬಿನ ಸ್ಪಿರಿಟ್ ಕಲಸಲಿಕ್ಹತ್ಯಾರ. ನಿಮ್ಮ ಗಾಡಿಗಿ ನಶಾ ಏರ್ಯದ” ಎಂದರು. ಇದು ಪೂರ್ತಿ ತಮಾಷೆಯಲ್ಲ. ಈಗ ನಮಗೆ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುವಂಥದು, ಹಳೆಯ ಗಾಡಿಗಳ ರಬ್ಬರಿಗೆ ಒಗ್ಗದಂಥದು. ಪೇಟೆಯ ಮೆಕ್ಯಾನಿಕ್ಕರೊಬ್ಬರು ಬಾನೆಟ್ಟು ತೆರೆಯದೆಯೇ ಕಿವಿಗೊಟ್ಟು ಕೇಳಿ, ಬೋರು ಸವೆದಿದೆ, ಇಂಜಿನ್ ಇಳಿಸಲೇಬೇಕು, 40 ಸಾವಿರ ಆಗುತ್ತದೆ ಎಂದರು. ಆ ಸುದ್ದಿ ಹೇಗೆ ಹೋಯಿತೋ, ಮರುದಿನವೇ ಗುಜರಿಯವನು ಬಂದು ಗಾಡಿಯನ್ನು ಕಬ್ಬಿಣದ ತೂಕದ ಲೆಕ್ಕದಲ್ಲಿ ಕೇಳಿದನು. ಮುಂದಿನ ವಾರ ಮತ್ತೆ ಬರುವೆನೆಂದು ಹೇಳಿ, ಹೋಗುವಾಗ ಟೈರನ್ನು ಒಮ್ಮೆ ಒದ್ದು ನೋಡಿದನು. ತಂದೆಯವರು ಕಟ್ಟೆಯ ಮೇಲಿಂದ ಅದನ್ನು ನೋಡುತ್ತಿದ್ದರು.

ಭಾನುವಾರ ನಾನೇ ಕೆಲಸಕ್ಕೆ ಕೈ ಹಚ್ಚಿದೆನು. ಚಿಕ್ಕಂದಿನಲ್ಲಿ ತಂದೆಯವರಿಗೆ ಪಾನಾ ಎತ್ತಿಕೊಟ್ಟ ಅನುಭವ ಇದ್ದಿತು. ಅಲ್ಲದೆ ತರಬೇತಿಯಲ್ಲಿ ‘ನೈದಾನಿಕ ಪರೀಕ್ಷೆ’ ಎಂಬುದನ್ನು ಓದಿದ್ದೆನು. ಹುಡುಗನಿಗೆ ಲೆಕ್ಕ ಬಾರದಿದ್ದರೆ ಗಣಿತವೇ ಬಾರದೆಂದು ಷರಾ ಬರೆಯಬಾರದು; ಕೂಡುವುದರಲ್ಲಿ ತಪ್ಪುತ್ತಾನೋ, ದಶಕ ಎತ್ತುವುದರಲ್ಲಿ ತಪ್ಪುತ್ತಾನೋ, ಒಂದೊಂದನ್ನೇ ಪ್ರತ್ಯೇಕಿಸಿ ನೋಡಬೇಕು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಇಂಜಿನ್ ಎಂಬುದು ನಾಲ್ಕು ಹುಡುಗರ ತರಗತಿ. ರೇಡಿಯೇಟರಿನ ಕಡೆಯಿಂದ 1, 2, 3, 4 ಎಂದು ಕುಳಿತಿರುತ್ತಾರೆ. ಆದರೆ ಹಾಜರಿ ಕೂಗುವುದು 1, 3, 4, 2 ಎಂಬ ಕ್ರಮದಲ್ಲಿ. ಕೂಗಿದಾಗ ಒಬ್ಬೊಬ್ಬನೂ ಒಂದು ಕಿಡಿಯಿಂದ ಉತ್ತರ ಕೊಡಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನ್ನಿನಲ್ಲಿ ನಿಮಿಷಕ್ಕೆ 6000 ಸಲ, ಎಂದರೆ ಸೆಕೆಂಡಿಗೆ 100 ಸಲ, ಹಾಜರಿ ನಡೆಯುತ್ತದೆ. ಯಾರು ಗೈರುಹಾಜರೆಂದು ಕಿವಿಗೆ ಹೇಗೆ ತಿಳಿಯಬೇಕು? ಉಪಾಯವಿದೆ. ಇಂಜಿನ್ ನಡೆಯುತ್ತಿರುವಾಗ ಒಣಬಟ್ಟೆ ಸುತ್ತಿದ ಕೈಯಿಂದ ಒಂದೊಂದು ಪ್ಲಗ್ಗಿನ ತಂತಿಯನ್ನೂ ಸರದಿಯಂತೆ ಕಿತ್ತು ನೋಡಬೇಕು. ಕೆಲಸ ಮಾಡುವವನ ಬಾಯಿ ಮುಚ್ಚಿಸಿದರೆ ತರಗತಿಯ ದನಿ ಕುಗ್ಗುತ್ತದೆ. ಯಾರ ಬಾಯಿ ಮುಚ್ಚಿಸಿದರೂ ದನಿ ಬದಲಾಗುವುದಿಲ್ಲವೋ ಅವನು ಮೊದಲೇ ಸುಮ್ಮನಿದ್ದವನು. ಒಂದನೆಯದನ್ನು ಕಿತ್ತೆನು, ಇಂಜಿನ್ ತತ್ತರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ತತ್ತರ. ತಂದೆಯವರ ಮೂರು ಬೆರಳು ಎರಡು ಅರ್ಥದಲ್ಲೂ ನಿಜವಾಗಿದ್ದಿತು.

ಈ ಒಂದು ಸಂಗತಿಯಿಂದಲೇ ಸಭೆಯ ಅರ್ಧ ವೈದ್ಯರಿಗೆ ಬೀಳ್ಕೊಡುಗೆಯಾಯಿತು. ಪೆಟ್ರೋಲು ನಾಲ್ವರಿಗೂ ಒಂದೇ ಕಾರ್ಬುರೇಟರಿನಿಂದ ಬರುವುದು. ದೋಷ ಪೆಟ್ರೋಲಿನದಾಗಿದ್ದರೆ ಮೂರನೆಯವನೊಬ್ಬನೇ ಏಕೆ ಮಲಗಬೇಕು? ಇನ್ನು ಬೋರಿನ ಮಾತು. ನಾಲ್ಕೂ ಪ್ಲಗ್ಗು ಬಿಚ್ಚಿ, ಕಾಯಿಲಿನ ತಂತಿ ಕಳಚಿ, ಪಕ್ಕದ ಮನೆಯ ಹುಡುಗನಿಗೆ ಸೆಲ್ಫ್ ಒತ್ತಲು ಹೇಳಿ, ಒಂದೊಂದು ರಂಧ್ರಕ್ಕೂ ಹೆಬ್ಬೆರಳು ಒತ್ತಿಟ್ಟುಕೊಂಡೆನು. ನಾಲ್ಕರಲ್ಲಿಯೂ ಗಾಳಿ ಒಂದೇ ರಭಸದಿಂದ ಬೆರಳನ್ನು ತಳ್ಳಿತು. ಗೇಜು ಹಾಕಿ ಅಳೆದಂತಲ್ಲ, ನಿಜ. ಆದರೆ 40 ಸಾವಿರ ಕೊಡುವ ಮುನ್ನ ಹೆಬ್ಬೆರಳ ಸಾಕ್ಷಿಯನ್ನು ಕೇಳುವುದು ಒಳ್ಳೆಯದು. ಗಾಳಿ ಇದೆ, ಪೆಟ್ರೋಲು ಇದೆ, ಇಲ್ಲದ್ದು ಕಿಡಿ. ಮೂರನೆಯ ಪ್ಲಗ್ಗನ್ನು ಎರಡನೆಯದರ ಜಾಗಕ್ಕೂ, ಎರಡನೆಯದನ್ನು ಮೂರಕ್ಕೂ ಬದಲಾಯಿಸಿದೆನು. ರೋಗ ಪ್ಲಗ್ಗಿನೊಡನೆ ಹೋಗಲಿಲ್ಲ, ಮೂರರಲ್ಲಿಯೇ ಉಳಿಯಿತು. ಹಾಗಾದರೆ ಪ್ಲಗ್ಗು ನಿರಪರಾಧಿ. ಉಳಿದದ್ದು ಆ ತಂತಿ, ಅಥವಾ ಅದು ಹೊರಡುವ ಮುಚ್ಚಳ.

ಓದುಗರೇ, ನಾನು ಇಲ್ಲಿಗೆ ನಿಂತು ತಂತಿಯೊಂದನ್ನು ಬದಲಾಯಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಹೊತ್ತು ಇಳಿದಿದ್ದಿತು. ಮರುದಿನ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ಸಾಲದ್ದಕ್ಕೆ ಎದುರುಮನೆಯ ಕಟ್ಟೆಯ ಮೇಲೆ ಪ್ರೇಕ್ಷಕರು ಹೆಚ್ಚಾಗಿದ್ದರು. ಪ್ರೇಕ್ಷಕರಿದ್ದಾಗ ಮನುಷ್ಯನಿಗೆ ಏನಾದರೂ ದೊಡ್ಡದನ್ನೇ ಮಾಡಬೇಕೆನ್ನಿಸುತ್ತದೆ. ಅಂಗಡಿಗೆ ಹೋದೆನು. ತಂತಿ ಇರಲಿಲ್ಲ. ಇದ್ದುದು ನಾಲ್ಕು ಪ್ಲಗ್ಗು, ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರು. ಬಂದದ್ದಕ್ಕೆ ಎಲ್ಲವನ್ನೂ ಕೊಂಡು ತಂದು, ಎಲ್ಲವನ್ನೂ ಒಟ್ಟಿಗೇ ಹಾಕಿದೆನು. ಪ್ಲಗ್ಗಿನ ಸಂದು ಒಂದು ಅಂಗುಲದ ಸಾವಿರದಲ್ಲಿ 25 ಭಾಗ, ಪಾಯಿಂಟಿನದು 15 ಭಾಗ. ಅಳತೆ ಪಟ್ಟಿ ಇಟ್ಟು ಬಲು ಶಿಸ್ತಿನಿಂದ ಕೂಡಿಸಿದೆನು. ಹಳೆಯದನ್ನೆಲ್ಲ ಕಸದ ಬುಟ್ಟಿಗೆ ಎಸೆದೆನು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರ ಕರೆ ಬಂದಿತು. ಮರುದಿನದ ಏರ್ಪಾಟಿನ ಮಾತು, ಅರ್ಧ ಗಂಟೆ ಹಿಡಿಯಿತು. ಮಾತು ಮುಗಿಸಿ ಹೊರಗೆ ಬಂದಾಗ ತಂದೆಯವರು ಗಾಡಿಯ ಬಳಿ ಬಗ್ಗಿ ನಿಂತಿದ್ದರು. ಕೈಯಲ್ಲಿ ಅದೇ ಪಂಚೆಯ ತುಂಡು.

ಗಾಡಿ ಚಾಲೂ ಮಾಡಿದೆನು. ಮೊದಲು ಒಬ್ಬ ಗೈರುಹಾಜರಾಗಿದ್ದನು, ಈಗ ಇಡೀ ತರಗತಿಯೇ ದಂಗೆಯೆದ್ದಂತೆ ಕಾಣಿಸಿತು. ನಾಲ್ಕೂ ತೊದಲುತ್ತಿದ್ದವು. ಸೈಲೆನ್ಸರಿನಿಂದ ಪಟಾಕಿಯಂತೆ ಢಬ್ ಢಬ್ ಎಂಬ ಸದ್ದು. ಎದುರಿನ ಕಟ್ಟೆಯಲ್ಲಿ ಯಾರೋ ನಕ್ಕರು.

“ನೀವು ಏನು ಮುಟ್ಟಿದಿರಿ?” ಎಂದು ತಂದೆಯವರನ್ನು ಕೇಳಿದೆನು. ಅವರಿಗೆ ಕೇಳಿಸಲಿಲ್ಲ. ಮತ್ತೆ, ಬೀದಿಗೆಲ್ಲ ಕೇಳುವಂತೆ, “ಏನು ಮುಟ್ಟಿದಿರಿ ಅಂತ! ಸರಿಯಾಗಿದ್ದದ್ದನ್ನ ಯಾಕ ಕೆಡಿಸ್ತೀರಿ? ಕೈ ಸುಮ್ಮನಿರೋದಿಲ್ಲೇನು ನಿಮಗ?” ಎಂದೆನು. ಇನ್ನೂ ಏನೇನೋ ಅಂದೆನು. ಎದುರಿನ ನಗು ನಿಂತುಹೋಯಿತು. ತಂದೆಯವರು, “ನಾ ಮುಟ್ಟಿಲ್ಲ” ಎಂದು ಒಂದೇ ಸಲ ಹೇಳಿ, ಬಟ್ಟೆಯನ್ನು ಮಡಚಿಕೊಂಡು ಒಳಗೆ ಹೋದರು. ಮರುದಿನ ಬೆಳಗ್ಗೆ ಅವರು ಬಾನೆಟ್ಟು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಊಟಕ್ಕೆ ಕುಳಿತಾಗ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು, ಅಷ್ಟೆ. ಕಿವುಡರ ಮೌನದಲ್ಲಿ ಸಿಟ್ಟು ಎಷ್ಟು, ಕಿವುಡು ಎಷ್ಟು ಎಂಬುದನ್ನು ಬೇರ್ಪಡಿಸಲು ಯಾವ ಪ್ಲಗ್ಗು ಕೀಳಬೇಕೋ ನನಗೆ ತಿಳಿಯದು.

ಗುರುವಾರ ರಾತ್ರಿ ಮಳೆ ಬಂದು ಕರೆಂಟು ಹೋಯಿತು. ಮಲಗಲು ಮನಸ್ಸಾಗದೆ ಹೊರಗೆ ಬಂದು, ಸುಮ್ಮನೆ, ಗಾಡಿ ಚಾಲೂ ಮಾಡಿ ಬಾನೆಟ್ಟು ಎತ್ತಿದೆನು. ಕಗ್ಗತ್ತಲೆ. ತೊದಲುತ್ತಿದ್ದ ಇಂಜಿನ್ನಿನ ಪಕ್ಕದಲ್ಲಿ ಒಂದು ನೀಲಿ ಎಳೆ ಮಿಂಚಿ ಮಾಯವಾಯಿತು, ಮತ್ತೆ ಮಿಂಚಿತು. ಮೂರನೆಯ ಪ್ಲಗ್ಗಿನ ತಂತಿಯ ಮೇಲ್ಪೊರೆ ಒಂದೆಡೆ ಕೂದಲೆಳೆಯಷ್ಟು ಸೀಳಿದ್ದಿತು. ಅಲ್ಲಿಂದ ಕಿಡಿ ನೇರವಾಗಿ ಇಂಜಿನ್ನಿನ ಕಬ್ಬಿಣಕ್ಕೆ ಹಾರುತ್ತಿದ್ದಿತು. ಹಗಲು ಬೆಳಕಿನಲ್ಲಿ ಕಾಣದ್ದು, ಕತ್ತಲೆಯಲ್ಲಿ ತಾನಾಗಿ ಬಂದು ಮುಖ ತೋರಿಸಿತು. ಜೂರಾಲದ ತುಂತುರಿನಲ್ಲಿ ರೋಗ ಏಕೆ ಹುಟ್ಟಿತೆಂಬುದೂ ಆಗ ತಿಳಿಯಿತು: ಒಣಗಿದ್ದಾಗ ಹೇಗೋ ತಡೆಯುತ್ತಿದ್ದ ಸೀಳು ತೇವ ತಾಗಿದೊಡನೆ ದಾರಿ ಬಿಟ್ಟಿದ್ದಿತು.

ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು, ಕೃಷ್ಣೆಯನ್ನು ದಾಟಿ ರಾಯಚೂರಿಗೆ ಹೋಗಿ ತಂತಿ ತಂದೆನು. 1956ರ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೂ, ಅದರದೇ ತಾಲ್ಲೂಕಾಗಿದ್ದ ಗದ್ವಾಲ ಆಂಧ್ರಪ್ರದೇಶಕ್ಕೂ ಹೋದರೂ, ಮಕ್ತಲ್‌ನ ನಮ್ಮಂಥವರಿಗೆ ತಂತಿಗೂ ಪಠ್ಯಪುಸ್ತಕದ ಮಾತಿಗೂ ಇಂದಿಗೂ ಆ ದಡವೇ ಹತ್ತಿರ. ಭಾನುವಾರ ಬೆಳಗ್ಗೆ ತಂತಿ ಹಾಕಿದೆನು. ಮತ್ತೆ ಒಂದೊಂದನ್ನೇ ಕಿತ್ತು ನೋಡಿದರೆ ಮೂರನೆಯವನು ಹಾಜರ್. ಆದರೆ ನಾಲ್ವರ ತೊದಲು ಹಾಗೆಯೇ ಇದ್ದಿತು. ರೋಗಗಳು ಎರಡಾಗಿದ್ದವು: ಒಂದು ಮೊದಲಿನದು, ಇನ್ನೊಂದು ಯಾರೋ ಆಮೇಲೆ ತಂದದ್ದು.

ಈಗ ಲೆಕ್ಕ ಮಾಡಲೇಬೇಕಾಯಿತು. ಕಳೆದ ಭಾನುವಾರ ಬದಲಾದದ್ದು ಏನೇನು? ಪ್ಲಗ್ಗು, ಪಾಯಿಂಟು, ಕಂಡೆನ್ಸರು. ಮೂರನ್ನೂ ಬದಲಿಸಿದವನು ನಾನು. ಮುಚ್ಚಳ ತೆಗೆದು, ಕೀಲಿ ತಿರುಗಿಸಿಟ್ಟು, ತಿರುಪುಳಿಯಿಂದ ಪಾಯಿಂಟನ್ನು ಕೈಯಾರೆ ಬಿಡಿಸಿ ನೋಡಿದೆನು. ಅಲ್ಲಿ ಕಿಡಿ ಬಹುಮಟ್ಟಿಗೆ ಕಾಣಿಸಬಾರದು. ನನಗೆ ಕಾಣಿಸಿದ್ದು ದಪ್ಪನೆಯ ಬಿಳಿಯ ಕಿಡಿ. ಎಂಟು ದಿನವಾಗದ ಪಾಯಿಂಟು ಆಗಲೇ ಸುಟ್ಟು ನೀಲಿಯಾಗಿದ್ದಿತು.

ಇದರ ಮರ್ಮವನ್ನು ಸ್ವಲ್ಪ ಹೇಳಬೇಕು. ನಮ್ಮ ಮೆಕ್ಯಾನಿಕ್ಕುಗಳು ಈ ಪೆಟ್ಟಿಗೆಗೆ ‘ಡೆಲ್ಕೊ’ ಎನ್ನುತ್ತಾರೆ. ಅದು ಅಮೆರಿಕೆಯ ಡೇಟನ್ ನಗರದಲ್ಲಿ 1909ರಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಜೊತೆಗಾರ ಕಟ್ಟಿದ ಸಂಸ್ಥೆಯ ಹೆಸರು. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಈ ಏರ್ಪಾಟು ಅಲ್ಲಿಂದ ಹೊರಟದ್ದು. ಬ್ಯಾಟರಿಯ 12 ವೋಲ್ಟು ಕಾಯಿಲಿನ ಮೂಲಕ ಹರಿಯುತ್ತಿರುವಾಗ ಪಾಯಿಂಟು ಥಟ್ಟನೆ ಬಿಡಿಸಿಕೊಂಡರೆ, ಆ ಹಠಾತ್ತಾದ ನಿಲುಗಡೆಯಿಂದ ಕಾಯಿಲಿನ ಇನ್ನೊಂದು ಸುತ್ತಿನಲ್ಲಿ 20 ಸಾವಿರ ವೋಲ್ಟಿನಷ್ಟು ಹುಟ್ಟಿ ಪ್ಲಗ್ಗಿಗೆ ಹೋಗುತ್ತದೆ. ಎಲ್ಲ ಗುಟ್ಟೂ ಆ ‘ಥಟ್ಟನೆ’ ಎಂಬುದರಲ್ಲಿದೆ. ಹರಿಯುವ ಕಾಲುವೆಗೆ ತೂಬು ಇಳಿಸಿದಾಗ ನೀರು ಒಮ್ಮೆಲೇ ನಿಲ್ಲಲು ಒಪ್ಪದೆ ತೂಬಿನ ಮೇಲೆ ಉಕ್ಕುವುದಿಲ್ಲವೆ? ಹಾಗೆಯೇ ವಿದ್ಯುತ್ತು ಬಿಡಿಸಿಕೊಂಡ ಪಾಯಿಂಟಿನ ಸಂದನ್ನು ಹಾರಲು ನೋಡುತ್ತದೆ. ಕಂಡೆನ್ಸರು ಪಕ್ಕದಲ್ಲಿ ತೋಡಿದ ಸಣ್ಣ ಹೊಂಡ. ಆ ಮೊದಲ ಉಕ್ಕನ್ನು ತಾನು ನುಂಗಿ, ತೂಬು ಚೊಕ್ಕಟವಾಗಿ ಮುಚ್ಚುವಂತೆ ನೋಡಿಕೊಳ್ಳುತ್ತದೆ. ಹೊಂಡ ಕೆಟ್ಟರೆ ಪಾಯಿಂಟು ಸುಡುತ್ತದೆ, ನಾಲ್ಕೂ ಪ್ಲಗ್ಗುಗಳ ಕಿಡಿ ಬಡವಾಗುತ್ತದೆ. ಹೆಬ್ಬೆರಳಿನಷ್ಟೂ ಇಲ್ಲದ ಡಬ್ಬಿ ಅದು. ನಾನು ಹೊಸದೆಂಬ ಒಂದೇ ಗೌರವದಿಂದ ಹಾಕಿದ ಡಬ್ಬಿ ಹುಟ್ಟಿನಿಂದಲೇ ಕೆಟ್ಟದ್ದಾಗಿದ್ದಿತು.

ಹಳೆಯದು ಕಸದೊಡನೆ ಹೋಗಿ ವಾರವಾಗಿದ್ದಿತು. ಭಾನುವಾರ, ಅಂಗಡಿಗಳು ಮುಚ್ಚಿವೆ. ಗುಜರಿಯವನು ಮಧ್ಯಾಹ್ನ ಬರುವವನಿದ್ದನು. ಮೆಟ್ಟಿಲ ಮೇಲೆ ಕುಳಿತೆನು.

ಒಳಗಿನಿಂದ ತಂದೆಯವರು ಬಂದು ನನ್ನ ಪಕ್ಕದಲ್ಲಿ ಒಂದು ತಂಬಾಕಿನ ತಗಡಿನ ಡಬ್ಬಿಯನ್ನಿಟ್ಟು, ಮಾತಿಲ್ಲದೆ ಮತ್ತೆ ಕಟ್ಟೆಗೆ ಹೋಗಿ ಕುಳಿತರು. ಮುಚ್ಚಳ ತೆರೆದೆನು. ಹಳೆಯ ಪ್ಲಗ್ಗು ನಾಲ್ಕು, ಪಾಯಿಂಟು, ಕಂಡೆನ್ಸರು. ಎಲ್ಲವನ್ನೂ ಎಣ್ಣೆಯ ಜಿಡ್ಡು ಒಂದಿಷ್ಟೂ ಇಲ್ಲದಂತೆ ಒರೆಸಿ, ಕಾಗದದಲ್ಲಿ ಬೇರೆ ಬೇರೆಯಾಗಿ ಸುತ್ತಿಟ್ಟಿದ್ದರು. ಆ ಸಂಜೆ ಅವರು ಬಗ್ಗಿ ನಿಂತದ್ದು ಗಾಡಿಯ ಮೇಲಲ್ಲ, ಅದರ ಪಕ್ಕದಲ್ಲಿದ್ದ ಕಸದ ಬುಟ್ಟಿಯ ಮೇಲೆ. ನಾನು ಎಸೆದದ್ದನ್ನು ಆರಿಸಿಕೊಂಡು ಒರೆಸುತ್ತಿದ್ದವರನ್ನು ನಾನು ಕೂಗಿ ಬೈದಿದ್ದೆನು. ಬೈಯುವಾಗ ಅವರ ಮುಷ್ಟಿಯಲ್ಲಿ ಈ ಕಂಡೆನ್ಸರೇ ಇದ್ದಿರಬೇಕು.

ಹಳೆಯ ಕಂಡೆನ್ಸರನ್ನು ಮಾತ್ರ ಹಾಕಿದೆನು. ಈ ಸಲ ಅದೊಂದನ್ನೇ. ಪಾಯಿಂಟಿನ ಸುಟ್ಟ ಮುಖವನ್ನು ಸಣ್ಣ ಅರದಿಂದ ಉಜ್ಜಿ, ಸಂದನ್ನು ಮತ್ತೆ ಅಳೆದು, ಮುಚ್ಚಳ ಹಾಕಿ ಕೀಲಿ ತಿರುಗಿಸಿದೆನು. ಇಂಜಿನ್ ಎದ್ದಿತು. ಒಂದು ತೊದಲಿಲ್ಲ, ಒಂದು ಢಬ್ಬಿಲ್ಲ. ಮಗ್ಗ ನಡೆಯುವಂತೆ ಒಂದೇ ಸಮನೆ ನಡೆಯಿತು. ಸೈಲೆನ್ಸರಿನ ಬಾಯಿಗೆ ನೋಟುಬುಕ್ಕಿನ ಹಾಳೆಯೊಂದನ್ನು ಹಿಡಿದೆನು. ಕವಾಟ ಸುಟ್ಟಿದ್ದರೆ ಅಥವಾ ಒಬ್ಬನು ತಪ್ಪುತ್ತಿದ್ದರೆ ಹಾಳೆ ನಡುನಡುವೆ ಒಳಗೆಳೆದಂತಾಗುವುದು. ಅದು ಹೊರಮುಖವಾಗಿಯೇ, ಒಂದೇ ಲಯದಲ್ಲಿ ಅದುರಿತು.

ತಂದೆಯವರು ಕಟ್ಟೆಯಿಂದ ಎದ್ದು ಬಂದು ಮಡ್‌ಗಾರ್ಡಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತು ನಿಂತರೆನಿಸಿತು. ಆಮೇಲೆ ಇನ್ನೊಂದು ಕೈಯೆತ್ತಿ ನಾಲ್ಕು ಬೆರಳು ತೋರಿಸಿದರು.

ನನಗೆ ಹೇಳಬೇಕಾದದ್ದು ಒಂದಿದ್ದಿತು. ಆದರೆ ಅದನ್ನು ಮೆಲ್ಲಗೆ ಹೇಳುವ ಅನುಕೂಲ ನಮ್ಮ ಮನೆಯಲ್ಲಿಲ್ಲ. ಬೈದದ್ದು ಬೀದಿಗೆಲ್ಲ ಕೇಳಿದ್ದಿತು, ಇದೂ ಕೇಳಲೇಬೇಕಾಗಿದ್ದಿತು. “ಅಪ್ಪಾ, ತಪ್ಪು ನಂದು!” ಎಂದು ಕೂಗಿದೆನು. ಅವರು ಕಣ್ಣು ತೆರೆಯಲಿಲ್ಲ. ಇನ್ನೂ ಗಟ್ಟಿಯಾಗಿ, “ತಪ್ಪು ನಂದು! ನೀವು ಏನೂ ಮುಟ್ಟಿದ್ದಿಲ್ಲ!” ಎಂದೆನು. ಎದುರುಮನೆಯ ನೇಕಾರರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದರು. ಅವರ ಹಿಂದೆ ಮನೆಯವರೂ ಬಂದರು.

ತಂದೆಯವರು ಒಂದು ಕಣ್ಣು ಮಾತ್ರ ತೆರೆದು ನನ್ನ ಕಡೆಗೆ ನೋಡಿದರು.

“ಒದರಬ್ಯಾಡೊ ತಮ್ಮಾ” ಎಂದರು, “ಗಾಡಿ ಸಪ್ಪಳ ಕೇಳಸವಲ್ದು.”